ಎರಡು ರಾತ್ರಿಯ ಬಾಡಿಗೆ

ಹೋದ ವರ್ಷ ಆಫೀಸಿನ ಗೆಳೆಯರ ಜೊತೆ ಕುಮಟಾ ಕಡೆ ಒಂದು ಹಳೇ ಹೆಂಚಿನ ಮನೆಯನ್ನ ಎರಡು ರಾತ್ರಿಗೆ ಬಾಡಿಗೆಗೆ ಹಿಡಿದಿದ್ದೆ. ಹಿಂದೆ ಸಹ್ಯಾದ್ರಿ, ಮುಂದೆ ಸಮುದ್ರ. ದಪ್ಪ ಮಣ್ಣಿನ ಗೋಡೆ, ಕಂಬದ ಜಗಲಿ, ದೊಡ್ಡ ಅಂಗಳ. ಗೆಳೆಯರು ಫೋಟೋ ತೆಗೀತಾ ಒಳಗೆ ಹೋದ್ರು. ನಾನು ಅಂಗಳದಲ್ಲೇ ನಿಂತೆ. ನಮ್ಮಜ್ಜ ವರ್ಷಾ ವರ್ಷ ಗೇಣಿ ಅಳೆದು ಕೊಡ್ತಿದ್ದದ್ದು ಅಲ್ಲೇ.

ಗೇಣಿ ಅಂದ್ರೆ ಉಳುವವನು ಭೂಮಿಗೆ ಕೊಡೋ ಬಾಡಿಗೆ. ಭತ್ತ ನಮ್ಮದು, ಅಳೆಯೋ ಕೊಳಗ ಒಡೆಯರದ್ದು. ಘಟ್ಟದ ಮೇಲೆ, ಸಾಗರದ ಕಾಗೋಡಿನಲ್ಲಿ 1951ರ ಸತ್ಯಾಗ್ರಹಕ್ಕೆ ಕಿಡಿ ಹೊತ್ತಿದ್ದು ಕೊಳಗದ ಅಳತೆಯ ಜಗಳದಿಂದಲೇ. ನಮ್ಮ ಜಿಲ್ಲೆಯಲ್ಲಿ ಅದಕ್ಕೂ ಮೊದಲೇ ರೈತರನ್ನ ಒಟ್ಟು ಮಾಡಿದವರು ದಿನಕರ ದೇಸಾಯಿ. ಚುಟುಕದ ಕವಿ ಅಂತಷ್ಟೇ ನಾವು ಓದಿಕೊಂಡಿರೋ ಅವರನ್ನ ಬ್ರಿಟಿಷ್ ಸರ್ಕಾರ 1940ರಲ್ಲಿ ಜಿಲ್ಲೆಯಿಂದ ಗಡೀಪಾರು ಮಾಡಿತ್ತು. ಕಡೆಗೆ ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಂದು, ತಿದ್ದುಪಡಿಯಾದ ಭೂಸುಧಾರಣೆ ಕಾಯ್ದೆ ಜಾರಿಗೆ ಬಂತು. ಅಜ್ಜ ಏಳನೇ ನಂಬರಿನ ಫಾರಂಗೆ ಹೆಬ್ಬೆಟ್ಟು ಒತ್ತಿದ. ನನ್ನ ಬಿಇ ಫೀಸು ಬಂದದ್ದು ಆ ಗದ್ದೆಯಿಂದ.

ಈಗ ಮನೆ ನಡೆಸ್ತಿರೋದು ಒಡೆಯರ ಮೊಮ್ಮಗ. ಗದ್ದೆ ಹೋಗಿ ಅವನಿಗೆ ಉಳಿದದ್ದು ಈ ಮನೆಯೊಂದೇ. ಒಳಕೋಣೆಯಲ್ಲಿ ಅವನೇ ನನಗೆ ಹಾಸಿಗೆ ಹಾಸಿಕೊಟ್ಟ. ನಿದ್ದೆ ಬರಲಿಲ್ಲ.

ಹೊರಡುವಾಗ ಅಜ್ಜನ ಹೆಸರು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಕೊಳಗ ಇನ್ನೂ ಅಟ್ಟದ ಮೇಲಿದೆ, ನೋಡ್ತೀರಾ?" ಅಂದ.

ಇಬ್ಬರೂ ಸೇರಿ ಇಳಿಸಿದ್ವಿ. ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು.