ಕಡಲು ದಾಟಿ ಹೆಸರು ಬದಲಿಸಿಕೊಂಡ ಆಟ

ನಮ್ಮ ಕೂಟದ ಸಭೆ ಯಾರ ಮನೆಯಲ್ಲಿ ನಡೆದರೂ ದೃಶ್ಯ ಒಂದೇ. ಮೇಲೆ ದೊಡ್ಡವರು ಚಿತ್ರಾನ್ನದ ತಟ್ಟೆ ಹಿಡಿದು ಕಾದಂಬರಿ ಚರ್ಚಿಸುತ್ತಿರುತ್ತೇವೆ; ಕೆಳಗೆ ಬೇಸ್‌ಮೆಂಟಿನಲ್ಲಿ ಮಕ್ಕಳು ಮಾರಿಯೋನನ್ನು ಕುಣಿಸುತ್ತಿರುತ್ತಾರೆ. ಆ ಮೀಸೆಯ ಕೊಳಾಯಿ ರಿಪೇರಿಯವನ ಕಡೆ ನಾವು ತಲೆ ಹಾಕಿದವರಲ್ಲ. ಆದರೆ ಅವನ ಚರಿತ್ರೆಯನ್ನು ಸ್ವಲ್ಪ ಕೆದಕಿದಾಗ ಸಿಕ್ಕದ್ದು ನಮ್ಮದೇ ಜಾತಿಯ ಕಥೆ: ವಲಸೆಯದು, ರೂಪಾಂತರದ್ದು, ಹೆಸರು ಕಳೆದುಕೊಂಡವರದು.

ಮೊದಲು ಅವನ ಹೆಸರನ್ನೇ ನೋಡಿ. 1981ರಲ್ಲಿ ಜಪಾನಿನ ನಿಂಟೆಂಡೊ ಕಂಪನಿಗಾಗಿ ಶಿಗೆರು ಮಿಯಾಮೊಟೊ 'ಡಾಂಕಿ ಕಾಂಗ್' ಆಟವನ್ನು ರೂಪಿಸಿದಾಗ ಅದರ ನಾಯಕ ಬಡಗಿ; 'ಜಂಪ್‌ಮ್ಯಾನ್' ಎಂದೂ ಅವನನ್ನು ಕರೆದದ್ದುಂಟು. ಕಂಪನಿಯ ಅಮೆರಿಕ ಶಾಖೆಗೆ ಸಿಯಾಟಲ್ ಬಳಿ ಉಗ್ರಾಣ ಬಾಡಿಗೆಗೆ ಕೊಟ್ಟಿದ್ದವರು ಮಾರಿಯೋ ಸಿಗಾಲಿ ಎಂಬ ಮಾಲೀಕರು. ಅವರ ಹೆಸರೇ ಆಟದ ಆಸಾಮಿಗೂ ಅಂಟಿತು. ಜಪಾನಿನಲ್ಲಿ ಹುಟ್ಟಿ, ಇಟಲಿಯ ಹೆಸರು ಹೊತ್ತು, ಅದನ್ನೂ ಅಮೆರಿಕದ ಬಾಡಿಗೆ ಮನೆಯೊಡೆಯನಿಂದ ಪಡೆದವನು! ಮೀಸೆ, ಟೋಪಿಗಳೂ ಅಲಂಕಾರಕ್ಕೆ ಬಂದವಲ್ಲ. ಅಂದಿನ ತೆರೆಯ ಬೆರಳೆಣಿಕೆಯ ಚುಕ್ಕಿಗಳಲ್ಲಿ ಬಾಯಿ, ಕೂದಲು ಬಿಡಿಸುವುದು ಕಷ್ಟವಾಗಿ, ಮೀಸೆಯಿಂದ ಒಂದನ್ನೂ ಟೋಪಿಯಿಂದ ಇನ್ನೊಂದನ್ನೂ ಮುಚ್ಚಿದರು.

1985ರ 'ಸೂಪರ್ ಮಾರಿಯೋ ಬ್ರದರ್ಸ್'ನಲ್ಲೂ ಇದೇ ಕೈಬಿಗಿತ. ಇಡೀ ಆಟ 40 ಕಿಲೋಬೈಟಿನೊಳಗೆ ಮುಗಿಯಬೇಕು. ಈ ಪತ್ರಿಕೆಯ ಜೊತೆ ಕಳಿಸುವ ಒಂದು ಫೋಟೋಗೂ ಅಷ್ಟು ಸಾಲದು. ಹಾಗಾಗಿ ಆಕಾಶದ ಬಿಳಿ ಮೋಡ, ನೆಲದ ಹಸಿರು ಪೊದೆ ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಆಟದ ಕೈಪಿಡಿ ಓದಿದರಂತೂ ಗಾಬರಿಯಾಗುತ್ತದೆ. ಅಣಬೆ ರಾಜ್ಯದ ಪ್ರಜೆಗಳನ್ನು ಮಾಟದಿಂದ ಕಲ್ಲು, ಇಟ್ಟಿಗೆ, ಗಿಡಗಳನ್ನಾಗಿ ಮಾಡಲಾಗಿದೆ ಎಂದು ಅದರಲ್ಲಿದೆ. ಹಾಗಾದರೆ ನಮ್ಮ ನಾಯಕ ದಾರಿಯುದ್ದಕ್ಕೂ ಒಡೆಯುತ್ತ ಹೋಗುವ ಇಟ್ಟಿಗೆಗಳು ಯಾರು? ಕೈಪಿಡಿ ಅದಕ್ಕೆ ಉತ್ತರ ಕೊಡುವುದಿಲ್ಲ.

ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಎರಡನೆಯ ಭಾಗದ ಕಥೆ. 1986ರಲ್ಲಿ ಜಪಾನಿನಲ್ಲಿ ಬಂದ 'ಸೂಪರ್ ಮಾರಿಯೋ ಬ್ರದರ್ಸ್ 2' ಬಲು ಕ್ರೂರ ಆಟ. ವಿಷದ ಅಣಬೆ, ಜಿಗಿತವನ್ನು ದಿಕ್ಕೆಡಿಸುವ ಗಾಳಿ, ಮುಂದೆ ಒಯ್ಯುವಂತೆ ಕಂಡು ಮೊದಲಿಗೇ ತಂದು ಬಿಡುವ ಕಳ್ಳದಾರಿ! ಇದು ಇಲ್ಲಿನವರಿಗೆ ರುಚಿಸದು ಎಂದು ಅಮೆರಿಕ ಶಾಖೆ ಬೇಡವೆಂದಿತು. ಆದರೆ ಎರಡನೆಯ ಭಾಗವೊಂದು ಬೇಕಲ್ಲ?

ಆಗ ಕೈಗೆ ಸಿಕ್ಕದ್ದು ಮಾರಿಯೋನೇ ಇಲ್ಲದ ಆಟ. 1987ರಲ್ಲಿ ಫ್ಯೂಜಿ ಟೆಲಿವಿಷನ್ ನಡೆಸಿದ 'ಯುಮೆ ಕೋಜೋ', ಅಂದರೆ 'ಕನಸಿನ ಕಾರ್ಖಾನೆ', ಎಂಬ ಉತ್ಸವಕ್ಕಾಗಿ ನಿಂಟೆಂಡೊ ಮಾಡಿಕೊಟ್ಟಿದ್ದ 'ಡೋಕಿ ಡೋಕಿ ಪ್ಯಾನಿಕ್'. ಸಾಹಿತ್ಯದ ಮಂದಿ ಅದರ ಕಥೆ ಕೇಳಲೇಬೇಕು. ಅವಳಿ ಮಕ್ಕಳಿಬ್ಬರು ಒಂದು ಕಥೆ ಪುಸ್ತಕಕ್ಕಾಗಿ ಜಗಳವಾಡಿ ಅದರ ಕೊನೆಯ ಹಾಳೆಯನ್ನು ಹರಿದುಬಿಡುತ್ತಾರೆ. ಪುಸ್ತಕದೊಳಗಿನ ಮಾಮು ಎಂಬ ದುಷ್ಟ ಕಪ್ಪೆರಾಯ ಅವರನ್ನು ಒಳಗೆ ಎಳೆದುಕೊಳ್ಳುತ್ತಾನೆ. ಬಿಡಿಸಿಕೊಂಡು ಬರಲು ಹುಡುಗ ಇಮಾಜಿನ್, ಅವನ ಗೆಳತಿ ಲೀನಾ, ಮಾಮಾ, ಪಾಪಾ ಎಂಬ ನಾಲ್ವರು ಪುಸ್ತಕದೊಳಕ್ಕೆ ಧುಮುಕುತ್ತಾರೆ. ಮಾಮುವಿಗೆ ತರಕಾರಿ ಕಂಡರಾಗದು; ಅದನ್ನೇ ಅವನ ಬಾಯಿಗೆ ಎಸೆದು ಕೊಲ್ಲಬೇಕು. (ಹುರುಳಿಕಾಯಿ ಪಲ್ಯ ಕಂಡು ಮುಖ ತಿರುಗಿಸುವ ಮಕ್ಕಳನ್ನು ಸಾಕಿದ ನಮಗೆ ಮಾಮುವಿನ ಮೇಲೆ ಸ್ವಲ್ಪ ಮರುಕವೇ ಹುಟ್ಟುತ್ತದೆ.)

ಈ ಆಟಕ್ಕೆ ಹೊಸ ವೇಷ ತೊಡಿಸಿ 1988ರಲ್ಲಿ ಅಮೆರಿಕದಲ್ಲಿ 'ಸೂಪರ್ ಮಾರಿಯೋ ಬ್ರದರ್ಸ್ 2' ಎಂದು ಮಾರಿದರು. ಇಮಾಜಿನ್ ಹೋಗಿ ಮಾರಿಯೋ ಬಂದ. ಮಾಮಾಳ ಜಾಗಕ್ಕೆ ತಮ್ಮ ಲುಯಿಜಿ, ಪಾಪಾನ ಜಾಗಕ್ಕೆ ಟೋಡ್, ಲೀನಾಳ ಜಾಗಕ್ಕೆ ರಾಜಕುಮಾರಿ ಪೀಚ್. ಮಾಂತ್ರಿಕ ದೀಪ ಔಷಧಿಯ ಸೀಸೆಯಾಯಿತು. ಮಾಮು 'ವಾರ್ಟ್' ಆದ. ಹರಿದ ಹಾಳೆಯ ಪುಸ್ತಕ ಮಾಯವಾಯಿತು, ಕನಸು ಮಾತ್ರ ಉಳಿಯಿತು: ಕೊನೆಯಲ್ಲಿ ಮಾರಿಯೋ ಹಾಸಿಗೆಯಲ್ಲಿ ಮಲಗಿರುವುದು ಕಾಣುತ್ತದೆ. ಪಾತ್ರಗಳ ಪಟ್ಟಿಯಲ್ಲಿ ಅವಸರದ ಗುರುತೂ ಇದೆ. ಬರ್ಡೋ, ಆಸ್ಟ್ರೋ ಎಂಬಿಬ್ಬರ ಹೆಸರು ಅದಲುಬದಲಾಗಿ ಅಚ್ಚಾಗಿವೆ.

ನಮಗೇನೂ ಇದು ಹೊಸದಲ್ಲ. ಬಸವಪ್ಪ ಶಾಸ್ತ್ರಿಗಳ ಕೈಯಲ್ಲಿ ಷೇಕ್ಸ್‌ಪಿಯರನ ಒಥೆಲೊ ಶೂರಸೇನನಾಗಲಿಲ್ಲವೇ? ರೂಪಾಂತರದಲ್ಲಿ ಹೊಸ ಜೀವವೂ ಬರುತ್ತದೆ. ಅಲ್ಲಿಯವರೆಗೆ ಲುಯಿಜಿ ಅಣ್ಣನದೇ ಅಚ್ಚು. ಈ ಆಟದಲ್ಲಿ ಅಣ್ಣನಿಗಿಂತ ಎತ್ತರ ಬೆಳೆದ. ಈ ಸರಣಿಯಲ್ಲಿ ಸೆರೆಯಲ್ಲಿ ಕೂತು ಕಾಯುವುದಷ್ಟೇ ಕೆಲಸವಾಗಿದ್ದ ರಾಜಕುಮಾರಿ ಮೊದಲ ಬಾರಿಗೆ ತಾನೇ ಓಡಿದಳು, ಎಗರಿದಳು. ಗಾಳಿಯಲ್ಲಿ ಕ್ಷಣಕಾಲ ತೇಲುವ ಅವಳ ವಿದ್ಯೆ ಲೀನಾಳಿಂದ ಬಂದದ್ದು. ಮುಖವಾಡದ 'ಶೈ ಗೈ', ನಡೆದಾಡುವ ಬಾಂಬ್ 'ಬಾಬ್-ಆಂಬ್' ಇವೂ ಆ ಆಟದಿಂದಲೇ ಬಂದು ಮಾರಿಯೋ ಲೋಕದ ಖಾಯಂ ನಿವಾಸಿಗಳಾದವು.

ಕಥೆ ಇಲ್ಲಿಗೆ ಮುಗಿಯಲಿಲ್ಲ. 1992ರಲ್ಲಿ ಈ ಅಮೆರಿಕನ್ ಅವತಾರವನ್ನೇ ಜಪಾನಿನಲ್ಲಿ ಮಾರಿದರು, 'ಸೂಪರ್ ಮಾರಿಯೋ ಯುಎಸ್ಎ' ಎಂಬ ಹೆಸರಿನಲ್ಲಿ! ತವರಿಗೆ ಹೋದಾಗ 'ಅಮೆರಿಕದವರು ಬಂದರು' ಎಂದು ಕರೆಸಿಕೊಳ್ಳುವ ನಮಗೆ ಆ ಆಟದ ಪಾಡು ಬಿಡಿಸಿ ಹೇಳಬೇಕಿಲ್ಲ. ಅತ್ತ ತಿರಸ್ಕೃತವಾಗಿದ್ದ 1986ರ ಆಟ 'ಲಾಸ್ಟ್ ಲೆವೆಲ್ಸ್' ಹೆಸರಿನಲ್ಲಿ ಇಲ್ಲಿಗೆ ತಲುಪಿದ್ದು 1993ರಲ್ಲಿ, ಒಂದು ಸಂಕಲನದ ಭಾಗವಾಗಿ.

ಆದರೆ ಇಮಾಜಿನ್‌ನ ಕುಟುಂಬಕ್ಕೆ ಮಾತ್ರ ಮತ್ತೊಂದು ಆಟ ಸಿಗಲಿಲ್ಲ. ಕಚೇರಿಯವರ ನಾಲಿಗೆಗೆ ಒಗ್ಗಲೆಂದು ನಮ್ಮ ಶ್ರೀನಿವಾಸರು 'ಶ್ರೀ' ಆದರು, ಕೃಷ್ಣಮೂರ್ತಿಗಳು 'ಕ್ರಿಸ್' ಆದರು. ಆದರೂ ನಮ್ಮ ಕೂಟಕ್ಕೆ ಬಂದರೆ ಪೂರ್ತಿ ಹೆಸರಿನಿಂದ ಕರೆಯುವವರು ಇದ್ದಾರೆ. ಇಮಾಜಿನ್‌ಗೆ ಅಂಥ ಮನೆಯಿಲ್ಲ. ಮುಂದಿನ ಸಭೆಯಲ್ಲಿ ಬೇಸ್‌ಮೆಂಟಿಗೆ ಇಳಿದು ನೋಡೋಣ. ರಾಜಕುಮಾರಿ ಗಾಳಿಯಲ್ಲಿ ತೇಲಿದಾಗ, ಅದು ಲೀನಾ ಎಂಬ ಹುಡುಗಿಯ ಜಿಗಿತ ಎಂದು ಮಕ್ಕಳಿಗೆ ಹೇಳೋಣ. ಅಷ್ಟಾದರೂ ಆ ಹರಿದ ಹಾಳೆಯನ್ನು ಅಂಟಿಸಿದಂತಾದೀತು.