ಹುಳು ಎಂಬ ಮಾತು, ನಾಮಪದಗಳ ಪಂಕ್ತಿ

ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರನ್ನು ಒಳಗೊಂಡ ಸೀಮೆಯು ಹಿಪ್ಪುನೇರಳೆಗೂ ರೇಷ್ಮೆಗೂ ಹೆಸರಾದುದು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಟಿಪ್ಪುಸುಲ್ತಾನನು ಮೈಸೂರು ದೇಶದಲ್ಲಿ ನೆಲೆಗೊಳಿಸಿದ ಈ ಕಸುಬು ಇಲ್ಲಿಯ ಮನೆಗಳಿಗೆ ಜೀವನೋಪಾಯವನ್ನು ಮಾತ್ರವಲ್ಲದೆ ಹಲವು ಮಾತುಗಳನ್ನೂ ತಂದಿತು. ಚಿಟ್ಟೆಯಾಗುವುದಕ್ಕೆ ಮುಂಚೆ ಸೊಪ್ಪನ್ನು ಮೇಯುವ ಆ ಪ್ರಾಣಿಯನ್ನು ನಾವು ಹುಳು ಎನ್ನುತ್ತೇವೆ. ಈ ಚಿಕ್ಕ ಮಾತಿನ ಚರಿತ್ರೆಯನ್ನೂ, ವ್ಯಾಕರಣದಲ್ಲಿ ಅದು ಕುಳಿತಿರುವ ಪಂಕ್ತಿಯನ್ನೂ ಈಗ ವಿಚಾರಿಸೋಣ.

ಹಳಗನ್ನಡದಲ್ಲಿ ಇದರ ರೂಪ ಪುೞು. ತಮಿಳು ಮಲೆಯಾಳಗಳಲ್ಲಿ ಈಗಲೂ ಹಾಗೆಯೇ ಇದೆ. ತೆಲುಗಿನ ಪುರುಗು, ತುಳುವಿನ ಪುರಿ ಎಂಬುವೂ ಇದರ ದಾಯಾದಿಗಳೇ. ಕಾಲಕ್ರಮದಲ್ಲಿ ಪಕಾರವು ಹಕಾರವಾಯಿತು, ೞಕಾರವು ಳಕಾರದಲ್ಲಿ ಅಡಗಿತು. ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ೞಕಾರವುಳ್ಳ ಮಾತುಗಳನ್ನು ಪಟ್ಟಿಮಾಡಿ ಕೊಟ್ಟಿರುವನು. ಬಾಯಿಂದ ಜಾರುತ್ತಿದ್ದ ಧ್ವನಿಯನ್ನು ಬರಹದಲ್ಲಾದರೂ ಉಳಿಸುವುದು ಅಗತ್ಯವಾಗಿದ್ದಿತೆಂದು ಇದರಿಂದ ತೋರುತ್ತದೆ.

ಹುಳು ಎಂಬುದು ಒಂದು ಜಾತಿಗೆ ಮಾತ್ರ ಸಲ್ಲುವ ಹೆಸರಲ್ಲ. ಎರೆಹುಳು, ಜಂತುಹುಳು, ಮಿಂಚುಹುಳು, ರೇಷ್ಮೆಹುಳು ಎಲ್ಲವೂ ಅದರ ಕುಟುಂಬವೇ. ಹಿಂದಿನ ಪದವು ಗುರುತನ್ನು ಹೇಳುವುದು, ಮುಂದಿನ ಪದವು ವರ್ಗವನ್ನು ಹೇಳುವುದು. ಮೈತುಂಬ ರೋಮವುಳ್ಳದ್ದನ್ನು ಕಂಡು ನಮ್ಮವರು ಕಂಬಳಿಹುಳು ಎಂದರು. ಇಂಗ್ಲಿಷಿನವರ ಮಾತಿನ ಮೂಲದಲ್ಲಿ ರೋಮವುಳ್ಳ ಬೆಕ್ಕೂ, ಫ್ರೆಂಚರ ಮಾತಿನ ಮೂಲದಲ್ಲಿ ನಾಯಿಮರಿಯೂ ಇವೆ. ಅವರು ಅದನ್ನು ಮೃಗಕ್ಕೆ ಹೋಲಿಸಿದರು. ನಾವು ಹೊದಿಕೆಗೆ ಹೋಲಿಸಿದೆವು.

ಇನ್ನು ಪಂಕ್ತಿಯ ವಿಷಯ. ಸಂಸ್ಕೃತದಲ್ಲಿ ಕ್ರಿಮಿಯೂ ವೃಕ್ಷವೂ ಪುಲ್ಲಿಂಗ. ಹೆಂಡತಿಯೆಂಬ ಅರ್ಥವುಳ್ಳ ದಾರ ಶಬ್ದವು ಪುಲ್ಲಿಂಗ, ಅದೇ ಅರ್ಥದ ಕಳತ್ರವು ನಪುಂಸಕ. ಅಲ್ಲಿ ಲಿಂಗವು ಶಬ್ದವನ್ನು ಅನುಸರಿಸುವುದು; ಕನ್ನಡದಲ್ಲಿ ಅರ್ಥವನ್ನು ಅನುಸರಿಸುವುದು. ಆದುದರಿಂದ ಕ್ರಿಮಿಯು ಕನ್ನಡಕ್ಕೆ ಬಂದೊಡನೆ ತನ್ನ ಪುಲ್ಲಿಂಗವನ್ನು ಗಡಿಯಲ್ಲೇ ಬಿಟ್ಟು ಬರಬೇಕು. ತಮಿಳಿನ ತೊಲ್ಕಾಪ್ಪಿಯಂ ನಾಮಗಳನ್ನು ಉಯರ್ತಿಣೈ, ಅಃಱಿಣೈ ಎಂದು ಎರಡಾಗಿ ವಿಂಗಡಿಸುವುದು: ಮೊದಲನೆಯದು ಮೇಲಿನ ಪಂಕ್ತಿ, ಎರಡನೆಯದು ಅದಲ್ಲದ ಪಂಕ್ತಿ. ತೆಲುಗಿನಲ್ಲಿ ಏಕವಚನದ ಹೆಂಗಸಿಗೂ ಹಸುವಿಗೂ ಕ್ರಿಯಾಪದ ಒಂದೇ. ಬಹುವಚನದಲ್ಲಿ ಮಾತ್ರ ಹೆಂಗಸರು ಗಂಡಸರೊಡನೆ ಸೇರುವರು. ಕನ್ನಡವು ಬಂದನು, ಬಂದಳು, ಬಂದಿತು ಎಂದು ಮೂರು ಬಗೆಯನ್ನು ಕಾಪಾಡಿಕೊಂಡಿದೆ.

ಈ ವಿಂಗಡಣೆಯು ಕ್ರಿಯಾಪದದಲ್ಲಿ ಮಾತ್ರ ಇರುವುದಲ್ಲ. ಅಣ್ಣ, ಹುಳ ಎರಡೂ ಅಕಾರದಲ್ಲೇ ಮುಗಿಯುವುವು. ಆದರೂ ಅಣ್ಣನ, ಅಣ್ಣನಿಗೆ ಎನ್ನುವ ನಾವು ಹುಳದ, ಹುಳಕ್ಕೆ ಎನ್ನುತ್ತೇವೆ. ಎಣಿಕೆಯಲ್ಲೂ ಹಾಗೆಯೇ. ಐದು ಹುಳು ಎಂದರೆ ಸಾಕು, ಬಹುವಚನದ ಪ್ರತ್ಯಯವೂ ಬೇಕಾಗಿಲ್ಲ. ಐದು ರೈತ ಎಂದರೆ ಮಾತೇ ಕೆಡುವುದು. ಐವರು ರೈತರು ಎಂದೇ ಆಗಬೇಕು.

ಮನೆಯ ಬಳಕೆಯಾದರೋ ಬೇರೊಂದು ಕಥೆಯನ್ನು ಹೇಳುವುದು. ರೇಷ್ಮೆಹುಳು ನಾಲ್ಕು ಸಲ ಪೊರೆಬಿಡುತ್ತದೆ. ಆಗ ಮೇವನ್ನು ಬಿಟ್ಟು, ತಲೆಯೆತ್ತಿ, ಅಲುಗದೆ ನಿಲ್ಲುವ ಅದರ ಸ್ಥಿತಿಯನ್ನು ಬೆಳೆಗಾರರು ಜ್ವರವೆಂದು ಕರೆಯುವರು. ಗೂಡುಕಟ್ಟುವ ಕಾಲ ಬಂದಾಗ ಹುಳು ಹಣ್ಣಾಯಿತೆಂದು ಹೇಳಿ ಚಂದ್ರಿಕೆಗೆ ಬಿಡುವರು. ಜ್ವರವು ಮಕ್ಕಳದು, ಹಣ್ಣಾಗುವುದು ಗಿಡಮರಗಳದು. ಹೀಗೆ ಅಕ್ಕರೆಯ ಮಾತುಗಳೆಲ್ಲ ಹುಳುವಿಗೆ ಸಂದರೂ ಕ್ರಿಯಾಪದವು ಜಗ್ಗದೆ ನಪುಂಸಕದಲ್ಲೇ ನಿಲ್ಲುವುದು.

ಮಗು, ಕೂಸು, ಶಿಶು ಎಂಬುವೂ ಅದೇ ಪಂಕ್ತಿಯಲ್ಲಿವೆ. ಅವನ್ನು ವೈಯಾಕರಣರು ನಿತ್ಯನಪುಂಸಕವೆಂದರು. ತೊಟ್ಟಿಲಲ್ಲಿರುವ ಕೂಸು ಅತ್ತಿತು ಎನ್ನುವ ತಾಯಿಯ ಮಾತಿನಲ್ಲಿ ಯಾವ ಕೀಳುತನವೂ ಇಲ್ಲ. ಸೂರ್ಯ ಮೂಡಿದನು, ಸೂರ್ಯ ಮೂಡಿತು ಎಂಬ ಎರಡೂ ಸಾಧು. ಹುಡುಗಿ ಬಂದಳು, ಹುಡುಗಿ ಬಂದಿತು ಎಂಬ ಎರಡನ್ನೂ ಸ್ತ್ರೀನಪುಂಸಕವೆಂಬ ಹೆಸರಿನಲ್ಲಿ ವ್ಯಾಕರಣವು ಒಪ್ಪಿದೆ.

ವಿಚಾರ ಮಾಡತಕ್ಕದ್ದು ಇಲ್ಲಿಯೇ. ಮನೆಯ ಮಗಳನ್ನು ಕುರಿತು ಬಂದಿತು ಎಂದರೆ ಮುದ್ದು. ಕೆಲಸದವಳನ್ನು ಕುರಿತು ಅದೇ ಮಾತನ್ನಾಡಿದರೆ ಬಹುಮಟ್ಟಿಗೆ ತಾತ್ಸಾರ. ಪ್ರತ್ಯಯ ಒಂದೇ, ಭಾವ ಎರಡು. ವ್ಯಾಕರಣವು ಎರಡು ಬಾಗಿಲುಗಳನ್ನು ತೆರೆದಿಟ್ಟಿದೆ. ಯಾವುದರಲ್ಲಿ ಹೋಗುವೆವೆಂಬುದು ನಮ್ಮ ಹೊಣೆ. ಹುಳುವನ್ನು ಅದು ಎಂದರೆ ಹುಳುವಿಗೆ ನಷ್ಟವಿಲ್ಲ. ಎದುರುತ್ತರ ಕೊಡಲಾರದೆ ನಿಂತ ಮನುಷ್ಯರನ್ನು ಹಾಗೆಂದರೆ ನಷ್ಟವುಂಟು. ಆ ದೋಷವನ್ನು ಕೇಶಿರಾಜನ ಸೂತ್ರಗಳ ಮೇಲೆ ಹೊರಿಸಲಾಗದು. ಅದು ಆಡುವವರ ನಾಲಗೆಗೆ ಸೇರಿದುದು.