ಲೂಸಿ ಹ್ಯಾರಿಸ್ ಆಡಿದ ಆಟ

1930ರ ದಶಕದ ಆರಂಭದ ಮಾತು. ಅಮೆರಿಕದ ದಕ್ಷಿಣಕ್ಕಿರುವ ಮಿಸಿಸಿಪಿ ರಾಜ್ಯದಲ್ಲಿ ಕ್ಲೀವ್‌ಲ್ಯಾಂಡ್ ಎಂಬ ಸಣ್ಣ ಊರಿದೆ. ಅಲ್ಲಿನ ಡೆಲ್ಟಾ ಸ್ಟೇಟ್ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಹುಡುಗಿಯರೆಲ್ಲ ಸೇರಿ ತಮ್ಮ ಆಟದ ಉಡುಪುಗಳನ್ನು ಒಟ್ಟುಹಾಕಿ ಸುಟ್ಟುಬಿಟ್ಟರು. ಕಾಲೇಜಿನವರು ಅವರ ತಂಡವನ್ನೇ ರದ್ದು ಮಾಡಿದ್ದರು. ಕಾರಣ? ಆ ಆಟ ಹೆಣ್ಣುಮಕ್ಕಳ ಮೈಗೆ ಅತಿಯಾದ ಶ್ರಮವಂತೆ! ಉಡುಪು ಸುಟ್ಟವರಲ್ಲಿ ಮಾರ್ಗರೆಟ್ ವೇಡ್ ಎಂಬ ಹುಡುಗಿಯೂ ಇದ್ದಳು. ಅವಳ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಶ್ರಮದ ಮಾತು ಓದಿದಾಗ ನನಗೆ ನಗು ಬಂತು. ಮಿಸಿಸಿಪಿಯ ಆ ಸೀಮೆ ಹತ್ತಿಯ ಸೀಮೆ. ಕಾಲೇಜಿನ ಕಾಂಪೌಂಡಿನಾಚೆ ಎತ್ತ ನೋಡಿದರೂ ಹತ್ತಿ ಹೊಲ. ಆ ಹೊಲಗಳಲ್ಲಿ ಕಪ್ಪು ಜನಾಂಗದ ಹೆಂಗಸರು, ಅದರಲ್ಲೂ ಬಸುರಿಯರು, ಬಾಣಂತಿಯರು, ಉದ್ದನೆಯ ಚೀಲವನ್ನು ಬೆನ್ನ ಹಿಂದೆ ಎಳೆಯುತ್ತ ಬಿಸಿಲಲ್ಲಿ ಹತ್ತಿ ಬಿಡಿಸುತ್ತಿದ್ದರು. ಅದು ಹೆಣ್ಣಿನ ಮೈಗೆ ಹೆಚ್ಚಾಯಿತೆಂದು ಯಾವ ಆಡಳಿತ ಮಂಡಳಿಯೂ ಠರಾವು ಮಾಡಲಿಲ್ಲ. ಚೆಂಡು ಹಿಡಿದು ಓಡಿದರೆ ಮಾತ್ರ ಶ್ರಮ!

ನಾನು ಹೇಳಹೊರಟಿರುವುದು ಅಂಥ ಒಂದು ಹತ್ತಿ ಹೊಲದಿಂದ ಅದೇ ಕಾಲೇಜಿಗೆ ಬಂದ ಲೂಸಿಯಾ ಹ್ಯಾರಿಸ್‌ಳ ಕತೆ. ಎಲ್ಲರೂ ಕರೆಯುತ್ತಿದ್ದುದು ಲೂಸಿ ಎಂದು. 1970ರ ದಶಕದಲ್ಲಿ ಅಮೆರಿಕದ ಕಾಲೇಜು ಹುಡುಗಿಯರಲ್ಲಿ ಅವಳಷ್ಟು ದೊಡ್ಡ ಆಟಗಾರ್ತಿ ಇನ್ನೊಬ್ಬಳಿರಲಿಲ್ಲವೆಂದು ಹೇಳಿದರೆ ಜಗಳಕ್ಕೆ ಬರುವವರು ಹೆಚ್ಚಿಲ್ಲ. ಆದರೂ ಅವಳ ಹೆಸರು ಕೇಳಿದವರು ನಮ್ಮಲ್ಲಿರಲಿ, ಅಮೆರಿಕದಲ್ಲೇ ಕಡಿಮೆ.

ಆಟದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು 1891ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟರು ಚಳಿಗಾಲದಲ್ಲಿ ಹುಡುಗರನ್ನು ಒಳಗೇ ಆಡಿಸಲು ಗೋಡೆಗೆ ಹಣ್ಣಿನ ಬುಟ್ಟಿ ಕಟ್ಟಿ ಆರಂಭಿಸಿದ ಆಟ ಅದು. ಮರುವರ್ಷವೇ ಹತ್ತಿರದ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ಅಧ್ಯಾಪಕಿ ಅದನ್ನು ಹುಡುಗಿಯರಿಗೆ ಕಲಿಸಿದಳು. ಆದರೆ ನಿಯಮ ಬದಲಾಯಿಸಿ! ಅಂಗಳವನ್ನು ಮೂರು ಭಾಗ ಮಾಡಿ, ಹುಡುಗಿಯರು ತಮ್ಮ ತಮ್ಮ ಭಾಗದ ಗೆರೆ ದಾಟಬಾರದು, ಇನ್ನೊಬ್ಬಳ ಕೈಯಿಂದ ಚೆಂಡು ಕಸಿಯಬಾರದು ಎಂದು ವಿಧಿಸಿದರು. ಅವಳ ಉದ್ದೇಶ ಒಳ್ಳೆಯದೇ. ಹಾಗೆ ಮಾಡಿರದಿದ್ದರೆ ಆ ಕಾಲದ ತಂದೆತಾಯಿಗಳು ಆಡಲು ಬಿಡುತ್ತಲೇ ಇರಲಿಲ್ಲವೇನೋ. ಆದರೆ ಗೆರೆ ಎಳೆಯುವುದು ಸುಲಭ, ಅಳಿಸುವುದು ಕಷ್ಟ. ಅಮೆರಿಕದ ಕಾಲೇಜು ಹುಡುಗಿಯರು ಗಂಡುಹುಡುಗರಂತೆ ಐದೈದು ಜನ ಇಡೀ ಅಂಗಳದಲ್ಲಿ ಓಡಾಡಿ ಆಡುವ ನಿಯಮ ಬರಲು 1971 ಆಗಬೇಕಾಯಿತು.

ಲೂಸಿ ಹುಟ್ಟಿದ್ದು 1955ರ ಫೆಬ್ರವರಿ 10ರಂದು, ಮಿಂಟರ್ ಸಿಟಿ ಎಂಬಲ್ಲಿ. ಹೆಸರಿಗೆ ಸಿಟಿ, ಇರುವುದು ಹಳ್ಳಿ. ಹನ್ನೊಂದು ಮಕ್ಕಳಲ್ಲಿ ಇವಳು ಹತ್ತನೆಯವಳು. ಬೇರೆಯವರ ಜಮೀನನ್ನು ಕೋರಿಗೆ ಮಾಡುವುದು ಎನ್ನುತ್ತೇವಲ್ಲ, ಅಂಥ ಸಂಸಾರ. ಮಕ್ಕಳೂ ಹತ್ತಿ ಬಿಡಿಸಲು ಹೋಗಲೇಬೇಕು. ಅವಳು ಹುಟ್ಟಿದ ವರ್ಷದ ಆಗಸ್ಟಿನಲ್ಲಿ, ಅದೇ ಜಿಲ್ಲೆಯ ಮನಿ ಎಂಬ ಇನ್ನೊಂದು ಹಳ್ಳಿಗೆ ಷಿಕಾಗೋದಿಂದ ನೆಂಟರ ಮನೆಗೆ ಬಂದಿದ್ದ ಹದಿನಾಲ್ಕು ವರ್ಷದ ಎಮೆಟ್ ಟಿಲ್ ಎಂಬ ಕಪ್ಪು ಹುಡುಗನನ್ನು, ಬಿಳಿಯ ಹೆಂಗಸಿನೊಂದಿಗೆ ಸಲಿಗೆಯಿಂದ ನಡೆದುಕೊಂಡನೆಂಬ ಆಪಾದನೆ ಹೊರಿಸಿ ರಾತ್ರೋರಾತ್ರಿ ಎಳೆದೊಯ್ದು ಕೊಂದರು. ಕೊಂದವರನ್ನು ಬಿಳಿಯರೇ ತುಂಬಿದ್ದ ಜ್ಯೂರಿ ನಿರ್ದೋಷಿಗಳೆಂದು ಬಿಟ್ಟಿತು. ಲೂಸಿ ಬೆಳೆದದ್ದು ಇಂಥ ನೆಲದಲ್ಲಿ.

ಮನೆಯ ಹಿತ್ತಲಲ್ಲಿ ಅಣ್ಣಂದಿರು ಬುಟ್ಟಿ ಕಟ್ಟಿ ಆಡುತ್ತಿದ್ದರು, ಇವಳೂ ಸೇರಿಕೊಂಡಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ಟಿವಿಯಲ್ಲಿ ಬ್ಯಾಸ್ಕೆಟ್‌ಬಾಲ್ ಬರುತ್ತಿತ್ತು. ಅಮ್ಮ ಮಲಗು ಎಂದು ಗದರಿದರೆ ಕೌದಿ ಹೊದ್ದು, ಅದರೊಳಗಿಂದಲೇ ಕದ್ದು ನೋಡುತ್ತಿದ್ದಳಂತೆ. ಆಸ್ಕರ್ ರಾಬರ್ಟ್‌ಸನ್ ಅವಳ ಮೆಚ್ಚಿನ ಆಟಗಾರ. ಅವಳು ನೋಡುತ್ತಿದ್ದುದೆಲ್ಲ ಗಂಡಸರ ಆಟವೇ. ಹೆಂಗಸರ ಆಟವನ್ನು ತೋರಿಸುವವರಾದರೂ ಯಾರು?

ಎತ್ತರವೋ, ಆರಡಿ ಮೂರಂಗುಲ! ಶಾಲೆಯಲ್ಲಿ ಹುಡುಗರು ಗೇಲಿ ಮಾಡುತ್ತಿದ್ದರು. ನಮ್ಮಲ್ಲಾದರೆ ಐದಡಿ ಎಂಟಂಗುಲ ದಾಟಿದ ಹುಡುಗಿಗೆ ಗಂಡು ಹುಡುಕುವುದು ಹೇಗೆಂದು ಮನೆಯವರಿಗಿಂತ ಮೊದಲು ನೆರೆಯವರು ಚಿಂತೆ ಮಾಡುತ್ತಾರೆ. ಎತ್ತರದ ಹುಡುಗಿ ಬೆನ್ನು ಬಗ್ಗಿಸಿ ನಡೆಯುವುದನ್ನು ನೀವೂ ನೋಡಿರುತ್ತೀರಿ. ಬ್ಯಾಸ್ಕೆಟ್‌ಬಾಲ್ ಅಂಗಳವೊಂದೇ ಲೂಸಿಗೆ ಬೆನ್ನು ನೆಟ್ಟಗೆ ಮಾಡಿಕೊಂಡು ನಿಲ್ಲಲು ಸಿಕ್ಕ ಜಾಗ.

1972ರಲ್ಲಿ ಅಮೆರಿಕದಲ್ಲಿ ಒಂದು ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಹೆಣ್ಣು ಗಂಡೆಂದು ಭೇದ ಮಾಡುವಂತಿಲ್ಲ. ಟೈಟಲ್ ನೈನ್ ಎಂದು ಅದರ ಹೆಸರು. ಅದರಲ್ಲಿ ಆಟದ ಸುದ್ದಿಯೇ ಇರಲಿಲ್ಲ, ಆದರೆ ಅದರ ಗಾಳಿ ಬೀಸಿದ್ದು ಆಟದ ಬಯಲಲ್ಲೇ ಹೆಚ್ಚು. ಡೆಲ್ಟಾ ಸ್ಟೇಟ್ ನಲವತ್ತು ವರ್ಷದ ಹಿಂದೆ ಮುಚ್ಚಿದ್ದ ಹುಡುಗಿಯರ ತಂಡವನ್ನು 1973ರಲ್ಲಿ ಮತ್ತೆ ಕಟ್ಟಲು ಹೊರಟಿತು. ತರಬೇತಿಗೆ ಯಾರನ್ನು ಕರೆಯಿತು ಗೊತ್ತೇ? ಅದೇ ಮಾರ್ಗರೆಟ್ ವೇಡ್‌ಳನ್ನು! ಆಗ ಆಕೆಗೆ ಅರವತ್ತು ದಾಟಿತ್ತು. ತಾನು ಆಡುವುದು ತಪ್ಪಿಹೋದ ಮೇಲೆ ಹೈಸ್ಕೂಲು ಹುಡುಗಿಯರಿಗೆ ವರ್ಷಗಟ್ಟಲೆ ಆಟ ಕಲಿಸಿದ್ದ ಹೆಂಗಸು. ಇತ್ತ ಲೂಸಿ ಕಪ್ಪು ವಿದ್ಯಾರ್ಥಿಗಳ ಆಲ್ಕಾರ್ನ್ ಕಾಲೇಜಿಗೆ ಸೇರುವವಳಿದ್ದಳು, ಆದರೆ ಅಲ್ಲಿ ಹುಡುಗಿಯರ ತಂಡವಿರಲಿಲ್ಲ. ಡೆಲ್ಟಾ ಸ್ಟೇಟಿನವರು ಕರೆದರು, ಹೋದಳು. ಬಿಳಿಯರಿಗಾಗಿ ಕಟ್ಟಿದ ಕಾಲೇಜು ಅದು. ತಂಡದಲ್ಲಿ ಕಪ್ಪು ಹುಡುಗಿ ಇವಳೊಬ್ಬಳೇ.

ಈ ಭೇಟಿಯ ಬಗ್ಗೆ ಯೋಚಿಸಿದಷ್ಟೂ ನನಗೆ ಸೋಜಿಗ. ವೇಡ್ ಐದು ವರ್ಷ ಮೊದಲೇ ಹಟ ಬಿಟ್ಟಿದ್ದರೆ, ಲೂಸಿ ಐದು ವರ್ಷ ಮೊದಲು ಹುಟ್ಟಿದ್ದರೆ ಇಬ್ಬರೂ ಒಬ್ಬರನ್ನೊಬ್ಬರು ಕಾಣುತ್ತಲೇ ಇರಲಿಲ್ಲ.

ಮುಂದಿನದು ಅಂಕಿಗಳ ಕತೆ, ಆದರೆ ಹೇಳದೆ ವಿಧಿಯಿಲ್ಲ. 1975ರ ರಾಷ್ಟ್ರೀಯ ಫೈನಲ್ಲಿನಲ್ಲಿ ಡೆಲ್ಟಾ ಸ್ಟೇಟಿಗೆ ಎದುರಾದದ್ದು ಇಮ್ಯಾಕ್ಯುಲೇಟಾ ಎಂಬ ಪೆನ್ಸಿಲ್ವೇನಿಯಾದ ಸಣ್ಣ ಕ್ಯಾಥೊಲಿಕ್ ಮಹಿಳಾ ಕಾಲೇಜು. ಸಣ್ಣದೆಂದರೇನು, ಹಿಂದಿನ ಮೂರು ವರ್ಷವೂ ಪ್ರಶಸ್ತಿ ಅವರದೇ. ಅವರ ಪಂದ್ಯಗಳಿಗೆ ಸಿಸ್ಟರ್‌ಗಳು ಬಕೆಟ್ ತಂದು ಡಬಡಬ ಬಡಿಯುತ್ತ ಹುಡುಗಿಯರನ್ನು ಹುರಿದುಂಬಿಸುತ್ತಿದ್ದರಂತೆ! ಆ ಸದ್ದನ್ನೂ ಮೀರಿ ಲೂಸಿ ಒಬ್ಬಳೇ 32 ಅಂಕ ಗಳಿಸಿದಳು. ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡನ್ನು 16 ಬಾರಿ ಹಿಡಿದಳು. ಡೆಲ್ಟಾ ಸ್ಟೇಟ್ 90–81ರಿಂದ ಗೆದ್ದಿತು. ಆ ವರ್ಷ ಆಡಿದ 28 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. 1976ರಲ್ಲಿ ಮತ್ತೆ ಅದೇ ಇಮ್ಯಾಕ್ಯುಲೇಟಾವನ್ನು, 1977ರಲ್ಲಿ ಲೂಯಿಸಿಯಾನಾ ಸ್ಟೇಟ್ ತಂಡವನ್ನು ಸೋಲಿಸಿ ಪ್ರಶಸ್ತಿ ಉಳಿಸಿಕೊಂಡಿತು. ನಡುವೆ ಸತತ 51 ಪಂದ್ಯಗಳ ಗೆಲುವು. ಲೂಸಿಯ ಒಟ್ಟು ಅಂಕ 2,981. ಪಂದ್ಯಕ್ಕೆ ಸರಾಸರಿ ಇಪ್ಪತ್ತಾರು ಎಂದಿಟ್ಟುಕೊಳ್ಳಿ. ದೂರದಿಂದ ಎಸೆದರೆ ಮೂರು ಅಂಕವೆಂಬ ನಿಯಮ ಕಾಲೇಜು ಹುಡುಗಿಯರ ಆಟಕ್ಕೆ ಆಗಿನ್ನೂ ಬಂದಿರಲಿಲ್ಲ.

1975ರಲ್ಲೇ ಅವಳ ಸಹಪಾಠಿಗಳು ಅವಳನ್ನು ಕಾಲೇಜಿನ ವಾರ್ಷಿಕೋತ್ಸವದ ರಾಣಿಯಾಗಿ ಆರಿಸಿದರು. ಆ ಕಾಲೇಜಿನಲ್ಲಿ ಆ ಕಿರೀಟ ತೊಟ್ಟ ಮೊದಲ ಕಪ್ಪು ಹುಡುಗಿ ಅವಳು. ಎಮೆಟ್ ಟಿಲ್ ಸತ್ತು ಆಗ ಇಪ್ಪತ್ತೇ ವರ್ಷ.

ಒಲಿಂಪಿಕ್ಸ್‌ನಲ್ಲಿ ಗಂಡಸರ ಬ್ಯಾಸ್ಕೆಟ್‌ಬಾಲ್ 1936ರಿಂದ ಇದೆ. ಹೆಂಗಸರಿಗೆ ಬಾಗಿಲು ತೆರೆದದ್ದು 1976ರ ಮಾಂಟ್ರಿಯಲ್‌ನಲ್ಲಿ. ಮೊದಲ ಪಂದ್ಯ ಅಮೆರಿಕಕ್ಕೂ ಜಪಾನಿಗೂ. ಮೊದಲ ಚೆಂಡನ್ನು ಬುಟ್ಟಿಗೆ ಹಾಕಿದವಳು ಏಳನೆಯ ನಂಬರಿನ ಅಂಗಿ ತೊಟ್ಟ ಲೂಸಿ. ಒಲಿಂಪಿಕ್ಸ್ ಚರಿತ್ರೆಯಲ್ಲಿ ಹೆಣ್ಣೊಬ್ಬಳು ಗಳಿಸಿದ ಮೊಟ್ಟಮೊದಲ ಅಂಕ ಅದು. ಆ ಪಂದ್ಯದಲ್ಲಿ ಅಮೆರಿಕ ಸೋತಿತು, ಕೊನೆಗೆ ಬೆಳ್ಳಿ ಗೆದ್ದಿತು. ಚಿನ್ನ ಸೋವಿಯತ್ ಒಕ್ಕೂಟಕ್ಕೆ.

ಇಷ್ಟೆಲ್ಲ ಆದಾಗ ಅವಳಿಗೆ ಇಪ್ಪತ್ತೆರಡು ವರ್ಷ. ಗಂಡಸಾಗಿದ್ದರೆ ಕತೆ ಇಲ್ಲಿಂದ ಶುರುವಾಗುತ್ತಿತ್ತು, ಇವಳದು ಇಲ್ಲಿಗೆ ನಿಂತಿತು. ಹೆಂಗಸರು ಸಂಬಳಕ್ಕೆ ಆಡುವ ಲೀಗು ಅಮೆರಿಕದಲ್ಲಿ ಆಗ ಇರಲಿಲ್ಲ. 1977ರಲ್ಲಿ ನ್ಯೂ ಆರ್ಲಿಯನ್ಸ್ ಜಾಝ್ ಎಂಬ ಗಂಡಸರ ತಂಡ ಆಟಗಾರರನ್ನು ಆರಿಸುವಾಗ ಏಳನೆಯ ಸುತ್ತಿನಲ್ಲಿ, 137ನೆಯ ಹೆಸರಾಗಿ ಅವಳನ್ನು ಆರಿಸಿತು. ಅಲ್ಲಿನ ಗಂಡಸರ ಲೀಗಿಗೆ ಅಧಿಕೃತವಾಗಿ ಆಯ್ಕೆಯಾದ ಹೆಣ್ಣು ಅವಳು. ಎಂಟು ವರ್ಷ ಹಿಂದೆ ಬೇರೆ ತಂಡವೊಂದು ಇನ್ನೊಬ್ಬ ಹುಡುಗಿಯನ್ನು ಆರಿಸಿದ್ದನ್ನು ಲೀಗ್ ರದ್ದು ಮಾಡಿತ್ತು. ಲೂಸಿ ಹೋಗಲಿಲ್ಲ. ಆ ವರ್ಷದ ಆರಂಭದಲ್ಲಿ ಮದುವೆಯಾಗಿದ್ದಳು, ಬಸುರಿಯಾಗಿದ್ದಳು.

ಬಹಳ ಜನ ಇದನ್ನು ತಪ್ಪಿಹೋದ ಅವಕಾಶವೆಂದು ಬರೆಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ತಂಡಕ್ಕೆ ಪ್ರಚಾರ ಬೇಕಿತ್ತೋ ಆಟಗಾರ್ತಿ ಬೇಕಿತ್ತೋ ಎಂಬ ಅನುಮಾನ ಅವಳಿಗೂ ಇದ್ದಿರಬೇಕು. ಹೋಗದಿದ್ದುದಕ್ಕೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ, ಆ ಮಟ್ಟದ ಗಂಡಸರೆದುರು ಆಡಬಲ್ಲೆನೆಂದು ತನಗೆ ಅನ್ನಿಸಲಿಲ್ಲ ಎಂದು ಅವಳೇ ನಂತರ ಹೇಳಿದ್ದಾಳೆ. ಒಬ್ಬ ಹೆಣ್ಣು ತನ್ನ ಆಟದಲ್ಲಿ ಶ್ರೇಷ್ಠಳೆನ್ನಿಸಿಕೊಳ್ಳಲು ಗಂಡಸರ ತಂಡದ ಬೆಂಚಿನ ತುದಿಯಲ್ಲಿ ಏಕೆ ಕೂರಬೇಕು? ಅವಳಿಗೆ ಸಲ್ಲಬೇಕಾಗಿದ್ದುದು ಹೆಂಗಸರ ಲೀಗು, ಅದು ಇರಲಿಲ್ಲ. 1978ರಲ್ಲಿ ಒಂದು ಹುಟ್ಟಿತು, ಅದರ ಹ್ಯೂಸ್ಟನ್ ತಂಡಕ್ಕೆ ಲೂಸಿ ಸ್ವಲ್ಪ ಕಾಲ ಆಡಿದಳು. ಮೂರೇ ವರ್ಷದಲ್ಲಿ ಲೀಗು ಮುಚ್ಚಿತು. ಇವತ್ತಿಗೂ ನಡೆಯುತ್ತಿರುವ ಹೆಂಗಸರ ಲೀಗು ಆಟ ಆರಂಭಿಸಿದ್ದು 1997ರಲ್ಲಿ, ಆಗ ಅವಳಿಗೆ ನಲವತ್ತೆರಡು.

ಆಟ ನಿಂತ ಮೇಲಿನ ವರ್ಷಗಳು ಸುಲಭದವಾಗಿರಲಿಲ್ಲ. ಮನಸ್ಸು ಒಮ್ಮೆ ಮಿತಿಮೀರಿ ಉಬ್ಬುವ, ಒಮ್ಮೆ ಪಾತಾಳಕ್ಕೆ ಇಳಿಯುವ ಬೈಪೋಲಾರ್ ಎಂಬ ಕಾಯಿಲೆ ಅವಳನ್ನು ಹಿಡಿಯಿತು. ನಮ್ಮ ಮನೆಗಳಲ್ಲಿ ಇಂಥದ್ದನ್ನು ಬಾಗಿಲ ಹಿಂದೆ ಪಿಸುಗುಟ್ಟುತ್ತೇವೆ, ಇಲ್ಲವೇ ಹರಕೆ ಹೊತ್ತು ಸುಮ್ಮನಾಗುತ್ತೇವೆ. ಅವಳು ಕ್ಯಾಮೆರಾದ ಮುಂದೆ ಕುಳಿತು, ಚಿಕಿತ್ಸೆ ಪಡೆದೆ ಎಂದು ಹೇಳಿದಳು. ನಾಲ್ಕು ಮಕ್ಕಳನ್ನು ಬೆಳೆಸಿದಳು, 1984ರಲ್ಲಿ ಸ್ನಾತಕೋತ್ತರ ಪದವಿ ಪಡೆದಳು, ತಾನು ಓದಿದ ಹೈಸ್ಕೂಲಿನಲ್ಲೇ ಪಾಠ ಮಾಡಿ, ಹುಡುಗಿಯರಿಗೆ ಆಟ ಕಲಿಸಿದಳು.

1992ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ಬ್ಯಾಸ್ಕೆಟ್‌ಬಾಲ್ ಕೀರ್ತಿಭವನಕ್ಕೆ ಅವಳ ಹೆಸರು ಸೇರಿತು. ಮಾರ್ಗರೆಟ್ ವೇಡ್‌ಳ ಹೆಸರು ಏಳು ವರ್ಷ ಮುಂಚೆಯೇ ಅಲ್ಲಿತ್ತು. ಆಟಗಾರ್ತಿಯರೆಂದು ಅಲ್ಲಿಗೆ ಸೇರಿದ ಮೊದಲಿಗರು ಇಬ್ಬರು, ನೆರಾ ವೈಟ್ ಮತ್ತು ಲೂಸಿ. ಸಮಾರಂಭದಲ್ಲಿ ತನ್ನ ಪರಿಚಯ ಮಾಡಿಕೊಡಲು ಅವಳು ಕೇಳಿಕೊಂಡದ್ದು ಆಸ್ಕರ್ ರಾಬರ್ಟ್‌ಸನ್‌ನನ್ನು. ಬಂದು ಮಾಡಿಕೊಟ್ಟ.

2021ರಲ್ಲಿ ಬೆನ್ ಪ್ರೌಡ್‌ಫುಟ್ ಎಂಬ ನಿರ್ದೇಶಕ ಅವಳ ಮೇಲೆ ‘ದಿ ಕ್ವೀನ್ ಆಫ್ ಬ್ಯಾಸ್ಕೆಟ್‌ಬಾಲ್’ ಎಂಬ ಪುಟ್ಟ ಸಾಕ್ಷ್ಯಚಿತ್ರ ಮಾಡಿದ. ನಡುನಡುವೆ ಹಳೆಯ ಪಂದ್ಯಗಳ ಚಿತ್ರಗಳು, ಉಳಿದಂತೆ ಅವಳು ಕುಳಿತು ಮಾತಾಡುವುದು. ನಗುನಗುತ್ತ ಮಾತಾಡುತ್ತಾಳೆ. ತಾನು ಗಂಡಸಾಗಿದ್ದರೆ ಮುಂದೆ ಆಡಲು ದಾರಿಗಳಿರುತ್ತಿದ್ದವು ಎನ್ನುವುದನ್ನು ಮುಚ್ಚಿಡುವುದಿಲ್ಲ. ಅವಳು 2022ರ ಜನವರಿ 18ರಂದು ತೀರಿಕೊಂಡಳು. ಮಾರ್ಚಿನಲ್ಲಿ ಆ ಚಿತ್ರಕ್ಕೆ ಆಸ್ಕರ್ ಬಂತು. ಆ ವರ್ಷ ಕೆಲವು ವಿಭಾಗಗಳ ಪ್ರಶಸ್ತಿಗಳನ್ನು ನೇರಪ್ರಸಾರ ಆರಂಭವಾಗುವ ಮೊದಲೇ ಕೊಟ್ಟು ಮುಗಿಸಿದ್ದರು. ಇದೂ ಅವುಗಳಲ್ಲಿ ಒಂದು.

2024ರಲ್ಲಿ ಕೇಟ್ಲಿನ್ ಕ್ಲಾರ್ಕ್ ಎಂಬ ಹುಡುಗಿ ಕಾಲೇಜು ಆಟದಲ್ಲಿ ಅಂಕಗಳ ದಾಖಲೆ ಮುರಿದಾಗ ಒಂದು ಚರ್ಚೆ ಎದ್ದಿತು. ಲೂಸಿಯ ಕಾಲದಲ್ಲಿ ಹುಡುಗಿಯರ ಪಂದ್ಯಗಳನ್ನು ನಡೆಸುತ್ತಿದ್ದುದು ಹೆಂಗಸರೇ ಕಟ್ಟಿಕೊಂಡಿದ್ದ ಬೇರೆ ಸಂಘ. ಗಂಡಸರ ಪಂದ್ಯ ನಡೆಸುವ ದೊಡ್ಡ ಸಂಘ 1981ರ ನಂತರ ಹುಡುಗಿಯರ ರಾಷ್ಟ್ರೀಯ ಪಂದ್ಯಾವಳಿಯನ್ನೂ ತಾನು ಆರಂಭಿಸಿತು. ಹಳೆಯ ಅಂಕಗಳನ್ನು ಮಾತ್ರ ತನ್ನ ದಾಖಲೆಗೆ ಸೇರಿಸಿಕೊಂಡಿರಲಿಲ್ಲ. ಕ್ಲಾರ್ಕ್‌ಳ ಹೆಸರಿನ ಜೊತೆಗೆ ಪತ್ರಿಕೆಗಳು ಕ್ಯಾನ್ಸಸ್‌ನ ಲಿನೆಟ್ ವುಡರ್ಡ್‌ಳ 3,649 ಅಂಕಗಳನ್ನು ನೆನಪಿಸಿದವು. ಲೂಸಿಯ 2,981 ಕೂಡ ಅದೇ ಹಳೆಯ ಸಂಘದ ಲೆಕ್ಕದಲ್ಲಿತ್ತು.